ನೀರೊಳಗಿನ ಬೇಲಿ

ಮೆಲ್ಬರ್ನ್ ಹೊರವಲಯದ ಪಾಯಿಂಟ್ ಕುಕ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ, ಸೋನಾ ಮಸೂರಿ ಅಕ್ಕಿಯ ಚೀಲಗಳ ಮೇಲ್ಗಡೆ, ಒಂದು ಮೊಳೆಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟೊಂದು ನೇತಾಡುತ್ತಿದೆ. ಮನೆಗೆ ಬಂದವರ ಕಣ್ಣಿಗೆ ಅದು ಬಿದ್ದೇ ಬೀಳುತ್ತದೆ. "ಓಹೋ, ಬೋಟಿಂಗ್ ಎಲ್ಲಾ ಮಾಡ್ತೀರಾ?" ಎಂದು ಕೇಳುತ್ತಾರೆ. ನಾನು ಸ್ವಲ್ಪ ಬಿಗುಮಾನದಿಂದಲೇ "ಆಗಾಗ" ಎನ್ನುತ್ತೇನೆ. ಒಳಗಿನಿಂದ ನನ್ನ ಹೆಂಡತಿ ಶೋಭಾ "ಒಂದೇ ಒಂದು ಸಲ" ಎಂದು ತಿದ್ದುತ್ತಾಳೆ. ಹದಿನಾಲ್ಕರ ಮಗಳು ಇಂಚರ ಆ ಒಂದು ಸಲದ ಕಥೆ ಹೇಳಲು ಹೊರಟು, ನಗು ತಡೆಯಲಾರದೆ ಅರ್ಧಕ್ಕೇ ನಿಲ್ಲಿಸುತ್ತಾಳೆ. ಬಂದವರು ಪೂರ್ತಿ ಕಥೆ ಕೇಳದೆ ಕಾಫಿ ಕುಡಿದು ಹೋಗುತ್ತಾರೆ. ನಿಮಗಾದರೂ ಪೂರ್ತಿ ಹೇಳಿಬಿಡುತ್ತೇನೆ.

ಮೊದಲೇ ಒಂದು ಮಾತು ಒಪ್ಪಿಕೊಳ್ಳಬೇಕು. ನನಗೆ ಈಜು ಬಾರದು. ನಮ್ಮದು ಹೊಸದುರ್ಗದ ಕಡೆಯ ಊರು. ಊರ ಮುಂದೆ ಕೆರೆಯಿತ್ತು. ನನ್ನ ಓರಗೆಯ ಹುಡುಗರೆಲ್ಲ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಒಂದೇ ಬೇಸಿಗೆಯಲ್ಲಿ ಈಜು ಕಲಿತರು. ನನಗೂ ಬುರುಡೆ ಸಿಕ್ಕಿತ್ತು. ಆದರೆ ನಮ್ಮ ಸೋದರತ್ತೆ, "ಕೆರೆಗೆ ಇಳಿದ್ಯೋ, ಕಾಲು ಮುರಿದು ಕೈಗೆ ಕೊಡ್ತೀನಿ" ಎಂದಿದ್ದರು. ಮುಳುಗುವುದು ಅನುಮಾನ, ಕಾಲು ಮುರಿಯುವುದು ಖಚಿತ. ಹಾಗಾಗಿ ನಾನು ಏರಿಯ ಮೇಲೆ ಕುಳಿತು ಗೆಳೆಯರ ಬಟ್ಟೆ ಕಾಯುವ ಕೆಲಸಕ್ಕೆ ನೇಮಕವಾದೆ. ಏಳೆಂಟು ಬೇಸಿಗೆ ಆ ಕೆಲಸ ಮಾಡಿದ ಅನುಭವದಿಂದ ಹೇಳುತ್ತೇನೆ: ನಮ್ಮೂರಿನಲ್ಲಿ ಯಾರ ಚಡ್ಡಿಯಲ್ಲಿ ಎಷ್ಟು ತೂತಿದ್ದವು ಎಂದು ನನ್ನಷ್ಟು ಬಲ್ಲವರು ಇನ್ನೊಬ್ಬರಿಲ್ಲ.

ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ಈ ಕೊರತೆ ಎದ್ದು ಕಾಣತೊಡಗಿತು. ಇಲ್ಲಿ ಮಕ್ಕಳು ನಡೆಯಲು ಕಲಿಯುವ ಹೊತ್ತಿಗೇ ಈಜಲೂ ಕಲಿಯುತ್ತಾರೆ. ಇಂಚರಳನ್ನು ಕ್ಲಾಸಿಗೆ ಬಿಟ್ಟು ಬೆಂಚಿನ ಮೇಲೆ ಕೂತು ಕೂತು ನಾಚಿಕೆಯಾಗಿ, ಮೂವತ್ತೆಂಟನೇ ವಯಸ್ಸಿನಲ್ಲಿ ನಾನೂ ಹೆಸರು ಕೊಟ್ಟೆ. ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಟೀಚರು. "ಬ್ಲೋ ಬಬಲ್ಸ್, ಮಂಜು!" ಎನ್ನುತ್ತಿದ್ದಳು. ಪಕ್ಕದ ಲೇನಿನಲ್ಲಿ ಐದು ವರ್ಷದ ಮಕ್ಕಳು ನೀರಲ್ಲಿ ಮುಖವಿಟ್ಟು ಗುಳುಗುಳು ಗುಳ್ಳೆ ಎಬ್ಬಿಸುತ್ತಿದ್ದವು. ನಾನು ಗುಳ್ಳೆ ಎಬ್ಬಿಸುವ ಬದಲು ನೀರನ್ನೇ ಕುಡಿಯುತ್ತಿದ್ದೆ. ಮೂರನೇ ಕ್ಲಾಸಿನ ಹೊತ್ತಿಗೆ ಹೊಟ್ಟೆ ತುಂಬಿತು, ಕಲಿಕೆಯೂ ಮುಗಿಯಿತು.

ಇನ್ನು ಮಹಾಂತೇಶ. ಅವನು ಬಾಗಲಕೋಟೆಯ ಕಡೆಯವನು. ನಾವಿಬ್ಬರೂ ಒಂದೇ ವರ್ಷ ಓದಲೆಂದು ಮೆಲ್ಬರ್ನ್‌ಗೆ ಬಂದವರು, ಫುಟ್ಸ್‌ಕ್ರೇಯ ಒಂದು ಹಳೆಯ ಮನೆಯಲ್ಲಿ ಒಂದೇ ಕೋಣೆ ಹಂಚಿಕೊಂಡವರು. ಹಗಲು ಕಾಲೇಜು, ಸಂಜೆ ಸೂಪರ್‌ಮಾರ್ಕೆಟ್ಟಿನ ಕಾರ್ ಪಾರ್ಕಿನಲ್ಲಿ ಟ್ರಾಲಿ ಒಟ್ಟುಮಾಡುವ ಕೆಲಸ. ಮೂವತ್ತು ಟ್ರಾಲಿಗಳ ಸಾಲನ್ನು ಹಿಂದಿನಿಂದ ಅವನು ತಳ್ಳಿದರೆ ಮುಂದಿನಿಂದ ನಾನು ದಿಕ್ಕು ತಿದ್ದುತ್ತಿದ್ದೆ. ಪ್ರತಿ ಭಾನುವಾರ ಅವನ ಅವ್ವನ ಫೋನು ಬರುತ್ತಿತ್ತು. ಸ್ಪೀಕರಿನಲ್ಲಿ ಮಗನ ಜೊತೆ ಐದು ನಿಮಿಷ ಮಾತಾಡಿದರೆ ನನ್ನ ಜೊತೆ ಹತ್ತು ನಿಮಿಷ. ನನ್ನ ಹೆಸರು ಅವರ ಬಾಯಲ್ಲಿ ಯಾವತ್ತೂ ಬರಲಿಲ್ಲ. "ಹೊಸದುರ್ಗದ ತಮ್ಮಾ" ಎಂದೇ ಕರೆಯುತ್ತಿದ್ದರು. ಪಿಆರ್, ಅಂದರೆ ಇಲ್ಲೇ ನೆಲೆಸುವ ಪರವಾನಗಿ, ಸಿಕ್ಕ ಮೇಲೆ ಮಹಾಂತೇಶ ಸಿಡ್ನಿಗೆ ಹೋದ. ಮದುವೆಯಾದ, ಒಬ್ಬ ಮಗಳಾದಳು, ರೌಸ್ ಹಿಲ್‌ನಲ್ಲಿ ಮನೆ ಕೊಂಡ. ನಾನು ಇಲ್ಲಿ ಕೊಂಡೆ. ಆದರೂ ವಾರಕ್ಕೆರಡು ಸಲ ಮಾತು ತಪ್ಪುತ್ತಿರಲಿಲ್ಲ.

ತಪ್ಪಿಸಿದ್ದು ನಾನೇ. ಕೋವಿಡ್ ಕಾಲದಲ್ಲಿ ಅವನ ಅವ್ವ ಊರಿನಲ್ಲಿ ಆಸ್ಪತ್ರೆ ಸೇರಿದರು. ವಿಮಾನವಿಲ್ಲ, ಇವನು ಹೋಗುವಂತಿಲ್ಲ. ನಮ್ಮ ಎರಡು ಊರುಗಳ ನಡುವಿನ ಗಡಿಯೂ ಮುಚ್ಚಿತ್ತು, ನಾನೂ ಅವನ ಹತ್ತಿರ ಹೋಗುವಂತಿರಲಿಲ್ಲ. ಆದರೆ ಫೋನಿಗೆ ಯಾವ ಗಡಿ? ದಿನಾ ಸಂಜೆ ಅವನ ನಂಬರು ತೆಗೆಯುತ್ತಿದ್ದೆ. ಏನೆಂದು ಶುರುಮಾಡಲಿ ಎಂದು ಯೋಚಿಸುತ್ತಿದ್ದೆ. ನಾಳೆ ಮಾಡೋಣ ಎಂದು ಮುಚ್ಚಿಡುತ್ತಿದ್ದೆ. ಹದಿಮೂರನೇ ದಿನ ಅವ್ವ ಹೋದರು ಎಂಬ ಸುದ್ದಿ ಶೋಭಾಳ ಮೂಲಕ ಬಂತು. ಆಗಲೂ ನಾನು ಫೋನ್ ಮಾಡಲಿಲ್ಲ. ವಾಟ್ಸಾಪಿನಲ್ಲಿ 'ಧೈರ್ಯವಾಗಿರು' ಎಂದು ಬರೆದು, ಮುಗಿದ ಎರಡು ಕೈಗಳ ಚಿತ್ರ ಹಾಕಿ ಕಳಿಸಿದೆ. ಮೂರು ವರ್ಷ ಒಂದೇ ಕೋಣೆಯಲ್ಲಿ ಮಲಗಿದವನಿಗೆ ಬೆರಳ ತುದಿಯಷ್ಟು ದೊಡ್ಡ ಹಳದಿ ಕೈ ಕಳಿಸಿದೆ. ಅವನು ಅದನ್ನು ನೋಡಿದ ಎಂದು ಎರಡು ನೀಲಿ ಗೀಟು ತೋರಿಸಿದವು. ಉತ್ತರ ಬರಲಿಲ್ಲ. ಆಮೇಲೆ ಮಾತಾಡಲು ನನಗೆ ಮುಖವಿರಲಿಲ್ಲ. ಹೀಗೆ ನಾಲ್ಕು ವರ್ಷ ಕಳೆದವು.

ಶೋಭಾ ಮತ್ತು ಮಹಾಂತೇಶನ ಹೆಂಡತಿ ಗಿರಿಜಾ ಮಾತ್ರ ಪ್ರತಿ ಶುಕ್ರವಾರ ಗಂಟೆಗಟ್ಟಲೆ ಹರಟುತ್ತಲೇ ಇದ್ದರು. ಗಂಡಂದಿರ ಮುನಿಸಿಗಾಗಿ ತಮ್ಮ ಸ್ನೇಹ ಬಿಟ್ಟುಕೊಡಲು ಅವರಿಗೇನು ಹುಚ್ಚೇ? ಕಳೆದ ವರ್ಷ ಈಸ್ಟರ್ ರಜೆಗೆ ಮುಂಚೆ ಅವರಿಬ್ಬರೂ ಒಂದು ತೀರ್ಮಾನಕ್ಕೆ ಬಂದರು. ಈ ಗಂಡಸರಲ್ಲಿ, ಸಿಡ್ನಿಗೆ ಹೋಗು ಎಂದರೆ ಇವನು ಹೋಗುವುದಿಲ್ಲ, ಮೆಲ್ಬರ್ನ್‌ಗೆ ಬಾ ಎಂದರೆ ಅವನು ಬರುವುದಿಲ್ಲ. ಹಾಗಾದರೆ ಮಧ್ಯದಲ್ಲೆಲ್ಲಾದರೂ ಸೇರಿಸೋಣ.

ಮ್ಯಾಪಿನಲ್ಲಿ ಅವರು ಹುಡುಕಿದ ಮಧ್ಯ ಒಂದು ಸರೋವರವಾಗಿತ್ತು. ಹೆಸರು ಹೇಳುವುದಿಲ್ಲ, ಹೇಳಿದರೆ ನೀವೂ ದೋಣಿ ಕಟ್ಟಿಕೊಂಡು ಹೊರಡುತ್ತೀರಿ. ವಿಕ್ಟೋರಿಯಾದ ಉತ್ತರದ ಅಂಚಿನಲ್ಲಿ, ಗೋಧಿಯ ಬಯಲಿನ ನಡುವೆ ಇದೆ. ನಮಗೆ ಅದು ಉತ್ತರದ ಸರೋವರ, ಸಿಡ್ನಿಯವರಿಗೆ ದಕ್ಷಿಣದ್ದು. ನಾವು ಐದು ಗಂಟೆ ಡ್ರೈವ್ ಮಾಡಿ ಹೋದೆವು. ಅವರು ಆರು ಗಂಟೆಗೂ ಮೇಲೆ. "ಮಧ್ಯ ಅಂದ್ರ ಮಧ್ಯ ಅಲ್ಲ ಇದು" ಎಂದು ಕಾರಿನಿಂದ ಇಳಿಯುತ್ತಲೇ ಮಹಾಂತೇಶ ಹೇಳಿದ. ಹೇಳಿದ್ದು ಗಿರಿಜಾಳಿಗೆ, ಕೇಳಬೇಕಾದದ್ದು ನಾನು. ಹೊಟ್ಟೆ ಬಂದಿತ್ತು, ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ನನ್ನನ್ನು ನೋಡಿ "ಆರಾಮ?" ಎಂದ. "ಆರಾಮ" ಎಂದೆ. ಆ ಸಂಜೆಯವರೆಗಿನ ನಮ್ಮ ಮಾತುಕತೆ ಅಷ್ಟೇ.

ಸರೋವರ ನೋಡಿ ನಾನು ದಡದಿಂದ ಎರಡು ಹೆಜ್ಜೆ ಹಿಂದೆ ಸರಿದೆ. ಆಚೆ ದಡ ಕಾಣುವುದಿಲ್ಲ. ನೀರಿನ ಬಣ್ಣ ನಮ್ಮ ಕಡೆಯ ಟೀ ಅಂಗಡಿಯ ಚಹಾದ ಬಣ್ಣ. ಮಧ್ಯದಲ್ಲಿ ಒಣಗಿದ ಮರಗಳು ಬೆಳ್ಳಗೆ ನಿಂತಿವೆ, ಒಂದೊಂದರ ಮೇಲೂ ಕಪ್ಪು ಹಕ್ಕಿಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿವೆ. ದೂರದಲ್ಲಿ ಪೆಲಿಕನ್‌ಗಳ ಹಿಂಡು. ಅವು ಎಷ್ಟು ಗಂಭೀರವಾಗಿ ತೇಲುತ್ತಿದ್ದವೆಂದರೆ ಯಾವುದೋ ಮೀಟಿಂಗ್ ನಡೆಯುತ್ತಿದೆ ಎನಿಸಬೇಕು.

ನಾವು ಉಳಿದುಕೊಂಡ ಕ್ಯಾಬಿನ್‌ಗಳನ್ನು ನೋಡಿಕೊಳ್ಳುತ್ತಿದ್ದವರು ಜೋನ್ ಎಂಬ ಅಜ್ಜಿ. ಎಂಬತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ಗಿರಿಜಾ ಅವರನ್ನು ಕಂಡ ಕೂಡಲೇ "ಜೋನ್ ಆಂಟಿ" ಎಂದುಬಿಟ್ಟಳು. ಅಜ್ಜಿಗೆ ಒಂದು ಕ್ಷಣ ಗಲಿಬಿಲಿಯಾಯಿತು; ಆಮೇಲೆ ಎಷ್ಟು ಇಷ್ಟವಾಯಿತೆಂದರೆ ನಮ್ಮನ್ನೆಲ್ಲ ಪಕ್ಕದ ಹಳೆಯ ಹಾಲ್‌ಗೆ ಕರೆದುಕೊಂಡು ಹೋಗಿ ಟೀ ಕೊಟ್ಟು, ಸರೋವರದ ಜಾತಕವನ್ನೇ ಬಿಚ್ಚಿದರು.

"ಇದು ಬಟ್ಟಲಲ್ಲ, ಊಟದ ತಟ್ಟೆ" ಎಂದರು ಜೋನ್. ಬಯಲು ಸೀಮೆಯ ತಟ್ಟೆ. ಇದಕ್ಕೆ ತನ್ನದೇ ಆದ ನದಿಯಿಲ್ಲ. ದೂರದ ದೊಡ್ಡ ನದಿ ಉಕ್ಕಿದ ವರ್ಷ ಒಂದು ಹಳ್ಳ ಈ ಕಡೆ ತಿರುಗಿ ತಟ್ಟೆಗೆ ಸಾರು ಬಡಿಸಿದಂತೆ ನೀರು ಬಡಿಸಿ ಹೋಗುತ್ತದೆ. ಎರಡು ವರ್ಷವೋ ಐದು ವರ್ಷವೋ ನೀರು ಇರುತ್ತದೆ. ಬಿಸಿಲು ಅದನ್ನು ಕುಡಿಯುತ್ತದೆ. ಆಮೇಲೆ ಪಡುವಣ ಗಾಳಿ ಒಣಗಿದ ತಳದ ಮಣ್ಣನ್ನು ಎತ್ತಿ ಮೂಡಲ ದಂಡೆಗೆ ಸುರಿಯುತ್ತದೆ. ಸಾವಿರಾರು ವರ್ಷ ಹೀಗೆ ಸುರಿದು ಸುರಿದು ಮೂಡಣದಲ್ಲಿ ಒಂದು ದಿಬ್ಬವೇ ಎದ್ದಿದೆ, ಬಿದಿಗೆ ಚಂದ್ರನ ಆಕಾರದಲ್ಲಿ. "ಸರೋವರ ಒಣಗಿದ್ದಾಗ ನನ್ನ ಅಡಿಗೆಮನೆಯೂ ಆ ದಿಬ್ಬದ ಭಾಗವೇ. ಎಷ್ಟು ಗುಡಿಸಿದ್ದೇನೆ ಗೊತ್ತಾ?" ಎಂದು ನಕ್ಕರು.

ಹಾಲ್‌ನ ಹೊರಗೆ ಒಂದು ಮುದಿ ಮರವಿತ್ತು. ಅದರ ಕಾಂಡದಲ್ಲಿ ಆಳೆತ್ತರದ ಉದ್ದನೆಯ ಗಾಯ, ಅಂಚುಗಳು ದಪ್ಪಗೆ ಮಡಿಚಿ ಬೆಳೆದಿದ್ದವು. ಇಲ್ಲಿ ಮೊದಲಿನಿಂದ ಬದುಕಿದ್ದ ಜನ ಆ ತೊಗಟೆಯನ್ನು ಒಂದೇ ಹಾಳೆಯಾಗಿ ಬಿಡಿಸಿ ದೋಣಿ ಮಾಡಿದ್ದರಂತೆ. ಮರವನ್ನು ಕಡಿಯಲಿಲ್ಲ, ಮರ ಇನ್ನೂ ಬದುಕಿದೆ. "ಅವರಿಗೆ ಈ ನೀರು ಗೊತ್ತಿತ್ತು" ಎಂದರು ಜೋನ್. "ಗೇಣುದ್ದ ನೀರಿದ್ದರೆ ಸಾಕು ಆ ದೋಣಿಗೆ. ನಾವು ಬಂದೆವು, ತಳಕ್ಕೆ ಉದ್ದನೆಯ ರೆಕ್ಕೆಯಿರುವ ಯಾಟ್ ಹಾಯಿದೋಣಿ ತಂದೆವು. ಕೆಸರಲ್ಲಿ ಸಿಕ್ಕಿಸಿಕೊಂಡೆವು." ಆ ಜನ ಬೇಯಿಸಿ ಉಂಡ ಒಲೆಗಳ ಮಣ್ಣು ದಂಡೆಯುದ್ದಕ್ಕೂ ಸಣ್ಣ ಗುಡ್ಡೆಗಳಾಗಿ ನಿಂತಿದೆ. ಕುರಿ ಸಾಕುವವರು ಬಂದಾಗ ಅವರನ್ನು ಇಲ್ಲಿಂದ ಓಡಿಸಿದರು. "ಅದನ್ನು ನಾವು ಯಾವ ಬೋರ್ಡಿನಲ್ಲೂ ಬರೆಯಲಿಲ್ಲ" ಎಂದರು ಜೋನ್. ಈಗ ಆ ಜನರ ಮೊಮ್ಮಕ್ಕಳು ಪಕ್ಕದ ಊರಿನಿಂದ ರಜೆಯಲ್ಲಿ ಬರುತ್ತಾರೆ, ತಮ್ಮ ಮಕ್ಕಳಿಗೆ ಆ ಗುಡ್ಡೆಗಳನ್ನೂ ಈ ಮರವನ್ನೂ ತೋರಿಸುತ್ತಾರೆ. ಬಂದಾಗ ಜೋನ್‌ರ ಮನೆಯಲ್ಲೇ ಟೀ ಆಗುತ್ತದಂತೆ.

ಬೋರ್ಡ್ ಎಂದರೆ ಹಾಲ್‌ನ ಗೋಡೆಯ ಮೇಲಿನ ಬೋರ್ಡು. ಅದು ಒಂದು ಕಾಲದ ಯಾಟ್ ಕ್ಲಬ್. ಪ್ರತಿ ವರ್ಷ ದೋಣಿ ಪಂದ್ಯ ಗೆದ್ದವರ ಹೆಸರು ಬಂಗಾರದ ಅಕ್ಷರದಲ್ಲಿದೆ. ಮಧ್ಯೆ ಮಧ್ಯೆ ಅದೇ ಬಂಗಾರದ ಅಕ್ಷರದಲ್ಲಿ 'ನೋ ವಾಟರ್' ಎಂದೂ ಇದೆ. ಒಂದು ಕಡೆ ಸತತ ಒಂಬತ್ತು ಸಾಲು ನೋ ವಾಟರ್.

ಇಂಚರ ಓದಿ, "ಹೂ ಈಸ್ ದಿಸ್ ನೋ ವಾಟರ್? ಹಿ ವನ್ ನೈನ್ ಟೈಮ್ಸ್!" ಎಂದಳು.

ಮಹಾಂತೇಶ ಗೊಳ್ಳನೆ ನಕ್ಕ. ನಾನೂ ನಕ್ಕೆ. ಒಟ್ಟಿಗೆ ನಗುತ್ತಿದ್ದೇವೆಂದು ಇಬ್ಬರಿಗೂ ಹೊಳೆದು, ಇಬ್ಬರೂ ಟೀ ಲೋಟದೊಳಗೆ ನೋಡತೊಡಗಿದೆವು.

ನೀರಿಲ್ಲದ ವರ್ಷಗಳಲ್ಲಿ, ಜೋನ್ 'ಡ್ಯಾಡ್' ಎಂದೇ ಕರೆಯುತ್ತಿದ್ದ ಅವರ ಮಾವ ಸರೋವರದ ತಳದಲ್ಲಿ ಗೋಧಿ ಬಿತ್ತುತ್ತಿದ್ದರಂತೆ. ಕೆರೆಯಂಗಳದ ಮಣ್ಣಿಗೆ ಬೆಳೆ ಎಷ್ಟು ಚೆನ್ನಾಗಿ ಬರುತ್ತದೆಂದು ನಮ್ಮ ಕಡೆಯವರಿಗೂ ಗೊತ್ತು. ಒಂದು ವರ್ಷ ಒಳ್ಳೆಯ ಬೆಳೆ ಕಂಡು, ಇನ್ನು ಈ ಸರೋವರ ತುಂಬುವುದಿಲ್ಲ ಎಂದು ನಂಬಿ ಅವರು ದೋಣಿ ಮಾರಿ ಟ್ರ್ಯಾಕ್ಟರ್ ಕೊಂಡರು. ಮರು ವರ್ಷವೇ ನದಿ ಉಕ್ಕಿತು. ಟ್ರ್ಯಾಕ್ಟರಿನ ಸೀಟಿನ ಮೇಲೆ ಪೆಲಿಕನ್ ಕೂತಿರುವ ಫೋಟೋ ಗೋಡೆಯ ಮೇಲೆ ಇವತ್ತಿಗೂ ಇದೆ.

ಮರುದಿನ ಬೆಳಿಗ್ಗೆ ದೋಣಿಯ ಪ್ರಸಂಗ. ಆ ರಬ್ಬರ್ ದೋಣಿ ನಾನೇ ಕೊಂಡದ್ದು. ಡಬ್ಬದ ಮೇಲೆ ನಾಲ್ಕು ಜನರ ಸಂಸಾರವೊಂದು ಹಲ್ಲು ಬಿಟ್ಟು ನಗುತ್ತಾ ಅದರಲ್ಲಿ ಕುಳಿತಿರುವ ಚಿತ್ರವಿತ್ತು. ಕಾಲಿನಿಂದ ಒತ್ತುವ ಪಂಪಿನಲ್ಲಿ ಗಾಳಿ ತುಂಬಿದೆ. ಮುಕ್ಕಾಲು ಗಂಟೆ ಬೇಕಾಯಿತು. ಆಮೇಲೆ ಶೋಭಾ ತೀರ್ಪು ಕೊಟ್ಟಳು: "ಮೊದಲು ನೀವಿಬ್ಬರೂ ಒಂದು ರೌಂಡ್ ಹೋಗಿ ಬನ್ರೀ. ಸೇಫಾ ಅಂತ ನೋಡಿಕೊಂಡು ಆಮೇಲೆ ನಾವು ಕೂರ್ತೀವಿ." ಇದು ಅವರ ಸಂಚು ಎಂದು ನಮಗೆ ಗೊತ್ತಾಗದಿರಲಿಲ್ಲ. ಆದರೆ ಬೇಡ ಎಂದರೆ ಹೆದರಿಕೆ ಎಂದಾಗುತ್ತದೆ.

ನಾನು ಲೈಫ್ ಜಾಕೆಟ್ ಹಾಕಿಕೊಂಡು ಮೂರು ಬಕಲ್ಲುಗಳನ್ನೂ ಉಸಿರು ಕಟ್ಟುವಷ್ಟು ಬಿಗಿದೆ. ಎರಡನೆಯ ಜಾಕೆಟ್ಟು ಮಹಾಂತೇಶನ ಹೊಟ್ಟೆಯ ಸುತ್ತ ಬರಲಿಲ್ಲ. "ಇದು ಯಾವನೋ ಉಪಾಸ ಬಿದ್ದಾಂವಗ ಹೊಲದದ್ದು" ಎಂದು ದಡದಲ್ಲೇ ಎಸೆದ.

ಹೊರಡುವಾಗ ಜೋನ್ ಕೂಗಿ ಹೇಳಿದರು. ನನ್ನ ಕಿವಿಗೆ ಬಿದ್ದದ್ದು ಇಷ್ಟು: "ಆ ಒಣಮರ ದಾಟಿದ ಮೇಲೆ ಡ್ಯಾಡ್ಸ್ ಫ್ರೆಂಡ್ಸ್ ಇದ್ದಾರೆ, ಜಾಗ್ರತೆ!"

ಅವರ ಮಾವನ ಸ್ನೇಹಿತರು ಆ ಕಡೆ ಮೀನು ಹಿಡಿಯುತ್ತಿರಬೇಕು, ಗದ್ದಲ ಮಾಡಬಾರದು ಎಂದುಕೊಂಡೆ. ಜೋನ್‌ಗೇ ಎಂಬತ್ತಾದರೆ ಅವರ ಮಾವನ ಸ್ನೇಹಿತರಿಗೆ ಎಷ್ಟು ವಯಸ್ಸಾಗಿರಬೇಕು ಎಂಬ ಲೆಕ್ಕ ಆಗ ತಲೆಗೆ ಬರಲಿಲ್ಲ. "ನೋ ವರೀಸ್! ವಿ ವಿಲ್ ಸೇ ಹಲೋ!" ಎಂದೆ. ಜೋನ್ ನನ್ನನ್ನು ಒಂದು ಥರಾ ನೋಡಿದರು.

ದೋಣಿಯಲ್ಲಿ ನಾನು ಎಡಗಡೆ, ಅವನು ಬಲಗಡೆ. ನಾನು ಹುಟ್ಟು ಹಾಕಿದಾಗ ಅವನು ನಿಲ್ಲಿಸುತ್ತಿದ್ದ, ಅವನು ಹಾಕಿದಾಗ ನಾನು. ದೋಣಿ ಬೀಸುಕಲ್ಲಿನಂತೆ ಇದ್ದಲ್ಲೇ ತಿರುಗಿತು. ದಡದಿಂದ ನಗು ಕೇಳಿಸಿತು. "ಎಡಕ್ಕ" ಎಂದ ಅವನು. "ಬಲಕ್ಕೆ" ಎಂದೆ ನಾನು. ಆಮೇಲೆ ಇಬ್ಬರೂ ಮಾತಿಲ್ಲದೆ ಹೇಗೋ ತಾಳ ಹೊಂದಿಸಿಕೊಂಡೆವು. ಮೂವತ್ತು ಟ್ರಾಲಿ ತಳ್ಳಿದ ತೋಳುಗಳಿಗೆ ಹಳೆಯ ಅಭ್ಯಾಸ ಮರೆತಿರಲಿಲ್ಲವೋ ಏನೋ. ದೋಣಿ ಸರಸರ ಹೊರಟಿತು. ಅರ್ಧ ಗಂಟೆಯಲ್ಲಿ ದಡದ ಜನ ಬೆರಳಿನಷ್ಟಾದರು. ಒಣಮರ ದಾಟಿತು. ಯಾರ ಸ್ನೇಹಿತರೂ ಕಾಣಲಿಲ್ಲ. ಪೆಲಿಕನ್‌ಗಳು ಹತ್ತಿರದಲ್ಲೇ ಇದ್ದವು. ಫೋಟೋ ತೆಗೆಯೋಣವೆಂದು ನಾನು ಅಂಚಿನ ಮೇಲೆ ಮೊಣಕೈಯೂರಿ ಬಾಗಿದೆ.

ಆಗ ಕೆಳಗೆ ಪರ್ ಎಂದು ಏನೋ ಹರಿದ ಸದ್ದಾಯಿತು.

ಅದು ಫ್ರೆಂಡ್ಸ್ ಅಲ್ಲ, ಫೆನ್ಸ್. ಜೋನ್‌ರ ಮಾವ ಗೋಧಿ ಬಿತ್ತುವಾಗ ಕುರಿಗಳು ಬರದಂತೆ ಹಾಕಿದ ಮುಳ್ಳುತಂತಿಯ ಬೇಲಿ. ಸರೋವರ ತುಂಬಿದ ಮೇಲೆ ಅದನ್ನು ಕೀಳಲು ಯಾರಿಗೂ ಪುರುಸೊತ್ತಾಗಿರಲಿಲ್ಲ. ಅರ್ಧ ಕೆಸರಲ್ಲಿ ಹೂತು ನೀರೊಳಗೆ ಹಾಗೇ ನಿಂತಿತ್ತು. ನನ್ನ ಕಡೆಯ ರಬ್ಬರು ನಿಟ್ಟುಸಿರು ಬಿಟ್ಟು ಮಲಗಿತು. ನಾನು ಉರುಳಿ ನೀರಿಗೆ ಬಿದ್ದೆ. ಭಾರ ಕಡಿಮೆಯಾದದ್ದೇ ತಡ, ಮಹಾಂತೇಶನ ಕಡೆಯ ಅರ್ಧ ದೋಣಿ ಗಾಳಿಗೆ ಸಿಕ್ಕಿ ಆಚೆ ಸರಿಯಿತು.

ಆ ಕ್ಷಣದ ನನ್ನ ಸ್ಥಿತಿಯನ್ನು ಸರಿಯಾಗಿ ವಿವರಿಸಬೇಕು. ಲೈಫ್ ಜಾಕೆಟ್ ತನ್ನ ಕೆಲಸವನ್ನು ಅತಿ ನಿಷ್ಠೆಯಿಂದ ಮಾಡಿತು. ನನ್ನನ್ನು ಅಂಗಾತ ಮಲಗಿಸಿ ತೇಲಿಸಿತು. ಕಾಲುಗಳು ಮೇಲೆ ಬಂದವು, ಮುಖ ಆಕಾಶಕ್ಕೆ. ಮಗುಚಿಬಿದ್ದ ಆಮೆಯಂತೆ ಕೈಕಾಲು ಬಡಿದೆ. ಸರೋವರ ಊಟದ ತಟ್ಟೆ ಎಂದು ಹಿಂದಿನ ದಿನವೇ ಕೇಳಿದ್ದೆ, ನಿಜ. ಆದರೆ ಭಯಕ್ಕೆ ಭೂಗೋಳ ಗೊತ್ತಿರುವುದಿಲ್ಲ. "ಮಹಾಂತೇಶಾ! ಸತ್ತೆ ಕಣೋ! ಮಹಾಂತೇಶಾ!" ಎಂದು ಕಿರುಚಿದೆ. ನಾಲ್ಕು ವರ್ಷದ ಮೇಲೆ ಅವನ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಕುತ್ತಿಗೆ ತಿರುಗಿಸಿ ನೋಡಿದೆ. ಅರ್ಧ ದೋಣಿಯ ಮೇಲೆ ಮಂಡಿಯೂರಿದ್ದ ಅವನ ಮುಖ ಬಿಳಿಚಿತ್ತು. ಅವನಿಗೂ ಈಜು ಬಾರದು. ಅದು ನನಗೆ ಗೊತ್ತು. ನಮ್ಮ ವಿದ್ಯಾರ್ಥಿ ದಿನಗಳಲ್ಲಿ ಬೀಚಿಗೆ ಹೋದಾಗ ಪ್ಯಾಂಟು ಮಡಿಚಿಕೊಂಡು ಪಾದ ಮಾತ್ರ ತೋಯಿಸಿಕೊಂಡು ಬರುತ್ತಿದ್ದ ಇಬ್ಬರೇ ಗಂಡಸರು ನಾವು. ಈಗ ಅವನ ಮೈಮೇಲೆ ಜಾಕೆಟ್ಟೂ ಇರಲಿಲ್ಲ. ಅವನು ಒಂದು ಕೈಯಲ್ಲಿ ಮೂಗು ಹಿಡಿದುಕೊಂಡ, ಕಣ್ಣು ಗಟ್ಟಿಯಾಗಿ ಮುಚ್ಚಿದ. "ತಾಯಿ ಬನಶಂಕರೀ!" ಎಂದು ಕೂಗಿ ಧುಮುಕಿಬಿಟ್ಟ.

ದೊಡ್ಡ ಸದ್ದಾಯಿತು. ಪೆಲಿಕನ್‌ಗಳೆಲ್ಲ ಒಟ್ಟಿಗೆ ಎದ್ದು ಹಾರಿದವು.

ಮಹಾಂತೇಶ ನೀರಲ್ಲಿ ಪೃಷ್ಠವೂರಿ ಕೂತಿದ್ದ. ನೀರು ಅವನ ಎದೆಯವರೆಗೆ ಇತ್ತು. ಒಂದು ಕಣ್ಣು ಬಿಟ್ಟ, ಇನ್ನೊಂದು ಬಿಟ್ಟ. ಮೂಗು ಬಿಟ್ಟ. ನಿಧಾನವಾಗಿ ಎದ್ದು ನಿಂತ. ನೀರು ಮೊಣಕಾಲಿಗಿಂತ ನಾಲ್ಕು ಬೆರಳು ಮೇಲೆ ಬಂದಿತ್ತು, ಅಷ್ಟೇ. ತಲೆಯ ಮೇಲೆ ಒಂದು ಪಾಚಿಯ ಎಳೆ ಇಳಿಬಿದ್ದಿತ್ತು. ಅವನು ನನ್ನ ಕಡೆ ನೋಡಿದ. ನಾನಿನ್ನೂ ಅಂಗಾತ ಕೈಕಾಲು ಬಡಿಯುತ್ತಲೇ ಇದ್ದೆ. ಕೆಸರಿನಲ್ಲಿ ಪಚಕ್ ಪಚಕ್ ಎಂದು ಹೆಜ್ಜೆ ಹಾಕುತ್ತಾ ಬಂದ, ಜಾಕೆಟ್ಟಿನ ಕುತ್ತಿಗೆ ಹಿಡಿದು ನನ್ನನ್ನು ಎಬ್ಬಿಸಿ ನಿಲ್ಲಿಸಿದ.

"ಮಂಜ್ಯಾ," ಎಂದ, "ನಿಂತೀ ನೋಡು."

ನಿಂತಿದ್ದೆ. ನಗು ಮೊದಲು ಯಾರಿಗೆ ಬಂತೋ ತಿಳಿಯದು. ಬಂದದ್ದು ನಿಲ್ಲಲೇ ಇಲ್ಲ. ಒಬ್ಬರ ಭುಜ ಒಬ್ಬರು ಹಿಡಿದುಕೊಂಡು, ಒಂದು ಮಹಾಸರೋವರದ ನಟ್ಟನಡುವೆ, ಮೊಣಕಾಲುದ್ದದ ನೀರಿನಲ್ಲಿ ಹೊಟ್ಟೆ ಹಿಡಿದು ನಕ್ಕೆವು. ಅಷ್ಟು ದೂರದ ದಡದಲ್ಲಿ ಇಂಚರ ಎರಡೂ ಕೈ ಬೀಸಿ ಏನೋ ಕೂಗುತ್ತಿದ್ದಳು. "ಸ್ಟ್ಯಾಂಡ್ ಅಪ್, ಅಪ್ಪಾ! ಜಸ್ಟ್ ಸ್ಟ್ಯಾಂಡ್ ಅಪ್!" ಎಂದು ಆಗಿನಿಂದಲೂ ಕೂಗುತ್ತಿದ್ದಳೆಂದು ಆಮೇಲೆ ತಿಳಿಯಿತು.

ನಗು ಇಳಿದ ಮೇಲೆ ಕೇಳಿದೆ. "ನಿನಗೆ ಈಜು ಬರಲ್ವಲ್ಲೋ. ಯಾಕೆ ಹಾರಿದೆ?"

"ನೀ ಮುಳಗಾಕತ್ತಿದ್ದಿ" ಎಂದ. ಇನ್ನೇನು ಕಾರಣ ಬೇಕು ಎಂಬಂತೆ ನನ್ನ ಮುಖ ನೋಡಿದ.

ನಾನು ಹದಿಮೂರು ದಿನ ಫೋನು ಕೈಯಲ್ಲಿ ಹಿಡಿದು ಯೋಚಿಸಿದವನು.

ಬೇಲಿಯನ್ನು ಜಾಗ್ರತೆಯಾಗಿ ದಾಟಿದೆವು. ಜೋಲುಬಿದ್ದ ದೋಣಿಯನ್ನು ಅಲ್ಲೇ ಬಿಡುವಂತಿರಲಿಲ್ಲ. ಅದರ ಹಗ್ಗವನ್ನು ಇಬ್ಬರೂ ಹೆಗಲಿಗೆ ಹಾಕಿಕೊಂಡು ಎಳೆಯತೊಡಗಿದೆವು. ಕೆಳಗೆ ಕೆಸರು ಪಾದವನ್ನು ಹಿಡಿದು ಹಿಡಿದು ಬಿಡುತ್ತಿತ್ತು. ಹುಟ್ಟು ಹಾಕಿ ಅರ್ಧ ಗಂಟೆಯಲ್ಲಿ ಬಂದ ದಾರಿ ನಡೆಯಲು ಒಂದು ಗಂಟೆಗೂ ಹೆಚ್ಚು. ಬಿಸಿಲೇರಿತ್ತು. ಹಾರಿಹೋಗಿದ್ದ ಪೆಲಿಕನ್‌ಗಳು ಒಂದೊಂದಾಗಿ ವಾಪಸು ಬಂದು ಕುಳಿತವು.

ಸ್ವಲ್ಪ ದೂರ ಹೋದ ಮೇಲೆ, ಮುಂದೆ ನೋಡುತ್ತಲೇ ಕೇಳಿದೆ. "ಅವ್ವನ ಕಡೇ ದಿನಗಳು ಹೇಗಿದ್ವು?"

ಹತ್ತು ಹೆಜ್ಜೆಯಾದ ಮೇಲೆ ಅವನು ಶುರುಮಾಡಿದ. ಅವನ ತಮ್ಮ ಆಸ್ಪತ್ರೆಯಿಂದ ದಿನಾ ವಿಡಿಯೋ ಕಾಲ್ ಮಾಡುತ್ತಿದ್ದನಂತೆ. ಅವ್ವನ ಮುಖಕ್ಕೆ ಆಮ್ಲಜನಕದ ಮಾಸ್ಕು. ಮಾತಾಡಲೆಂದು ಅದನ್ನು ಕೈಯಿಂದ ಸರಿಸುವರು, ನರ್ಸು ಬಂದು ಮತ್ತೆ ಹಾಕುವಳು. ಊಟ ಮಾಡಿದೆಯಾ ಎಂದು ಇವನನ್ನೇ ಕೇಳುವರು. ಇವನು ರೌಸ್ ಹಿಲ್‌ನ ಮನೆಯ ಗ್ಯಾರೇಜಿನಲ್ಲಿ ಕಾರಿನೊಳಗೆ ಕೂತು ಮಾತಾಡುತ್ತಿದ್ದನಂತೆ, ಮಗಳು ನೋಡಬಾರದೆಂದು.

"ಒಂದ ದಿನ ನಿನ್ನ ಕೇಳಿದ್ಲು" ಎಂದ.

ನಾನು ನಿಂತೆ. ಹಗ್ಗ ಬಿಗಿಯಿತು, ಅವನೂ ನಿಂತ.

"'ಹೊಸದುರ್ಗದ ತಮ್ಮ ಫೋನ್ ಮಾಡಿದ್ನೇನು? ನಿನ್ನ ಜೋಡಿ ಯಾರರ ಅದಾರೇನಪಾ ಅಲ್ಲಿ?' ಅಂದ್ಲು. ದಿನಾ ಮಾಡ್ತಾನವ್ವಾ, ಈಗ ಫೋನ್ ಇಟ್ಟಾ ನೋಡು ಅಂದ್ನಿ. ಆಕಿಗೆ ಸಮಾಧಾನ ಆತು. ಆಮ್ಯಾಲೆ ಮಾಸ್ಕ್ ತಾನ ಹಾಕ್ಕೊಂಡ್ಲು."

ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು. ನನ್ನ ಕಣ್ಣು ಮಂಜಾಯಿತು. ಒರೆಸಿಕೊಳ್ಳಲು ಹೋದರೆ ಕೈತುಂಬ ಕೆಸರು.

"ಏನು ಮಾತಾಡಬೇಕೂಂತ ಗೊತ್ತಾಗಲಿಲ್ಲ ಕಣೋ" ಎಂದೆ.

"ನನಗೂ ಗೊತ್ತಿದ್ದಿಲ್ಲ" ಎಂದ. "ಇಬ್ರೂ ಸುಮ್ನ ಕೂಡಬಹುದಿತ್ತು ಫೋನ್ ಹಿಡಕೊಂಡು."

"ತಪ್ಪಾಯ್ತು ಮಹಾಂತೇಶ."

ಅವನು ಹಗ್ಗವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡ. ದಡದಲ್ಲಿ ಗಿರಿಜಾ ಯಾವುದೋ ಡಬ್ಬಿ ಎತ್ತಿ ತೋರಿಸಿ ನಮ್ಮನ್ನು ಕರೆಯುತ್ತಿದ್ದಳು.

"ಹೂಂ" ಎಂದ. "ಜಗ್ಗು ಈಗ. ಹೊಟ್ಟಿ ಹಸದೈತಿ."